ಓದದೆ ಹಾಕಿದ ಸಹಿ

ಕುಷಾಯಿಗೂಡ, ಹೈದರಾಬಾದ್
೧೮ ಸೆಪ್ಟೆಂಬರ್ ೨೦೦೫, ರವಿವಾರ

ಪ್ರೀತಿಯ ತಮ್ಮ ವಿಜೂ,

ನಿನ್ನ ಉಮಕ್ಕ ತಲೆಯ ಮೇಲೆ ಕೈಯಿಟ್ಟು ಹರಸುತ್ತಿದ್ದಾಳೆ ಅಂದುಕೋ. ಮೊದಲು ನಿನ್ನ ಬಿ.ಪಿ. ಹೇಗಿದೆ, ಅದನ್ನು ಹೇಳು. ಪಂಚಮಿಗೆ ನಾನು ಭಾಲ್ಕಿಗೆ ಬಂದಿದ್ದಾಗ, ಅಪ್ಪನ ಹೆಸರು ತೆಗೆಸಿ ಮನೆಯ ಖಾತೆ ಬದಲಾಯಿಸಬೇಕೆಂದು ನನ್ನನ್ನು ಆ ಕಚೇರಿಗೆ ಕರೆದುಕೊಂಡು ಹೋದೆಯಲ್ಲ, ಆ ದಿನ ನೀನು ಬೆವರಿದ್ದು ಇನ್ನೂ ನನ್ನ ಕಣ್ಣ ಮುಂದಿದೆ. ಮೋಡ ಮುಚ್ಚಿ ತಣ್ಣಗೆ ಗಾಳಿ ಬೀಸುತ್ತಿದ್ದರೂ ನಿನ್ನ ಅಂಗಿಯ ಬೆನ್ನೆಲ್ಲ ಒದ್ದೆಯಾಗಿತ್ತು. ಗುಳಿಗೆ ತಪ್ಪಿಸಬೇಡ ತಮ್ಮಾ. ಊಟದಲ್ಲಿ ಉಪ್ಪು ಕಡಿಮೆ ಮಾಡು ಎಂದು ವತ್ಸಲಾಳಿಗೂ ಹೇಳಿದ್ದೆ, ಮಾಡಿದಳೋ ಇಲ್ಲವೋ. ಪಾಪ, ಒಳ್ಳೆಯ ಹುಡುಗಿ. ಆ ಕಚೇರಿಯಿಂದ ಬಂದವಳು ನಾನು ನೇರ ಹೋಳಿಗೆ ಮಾಡಲು ಕುಳಿತರೆ, "ಅಕ್ಕಾರ, ಹೂರಣಕ್ಕ ಮಸಿ ಹತ್ತೀತು" ಎಂದು ನಗುತ್ತ ಹೆಬ್ಬೆರಳು ತಿಕ್ಕಿಕೊಳ್ಳಲು ಸೀಗೆಪುಡಿ ತಂದುಕೊಟ್ಟಿದ್ದಳು. ನೀವಿಬ್ಬರೂ ಉಡಿಯಲ್ಲಿ ಹಾಕಿದ ಹಸಿರು ಇಳಕಲ್ ಸೀರೆಯ ಮಡಿಕೆ ಇನ್ನೂ ಬಿಚ್ಚಿಲ್ಲ. ಹೊಸ ಮನೆಯ ಪೂಜೆಗೆ ಉಡೋಣ ಎಂದು ಟ್ರಂಕಿನಲ್ಲಿ ಇಟ್ಟಿದ್ದೇನೆ. ಆ ಪೂಜೆಯ ಕಥೆ ಏನಾಯಿತು ಎಂದು ಹೇಳುವುದಕ್ಕೇ ಈ ಪತ್ರ.

ಹತ್ತು ದಿನದ ಹಿಂದೆಯೇ ನಿನ್ನ ಪತ್ರ ಕೈಸೇರಿತು. ಉತ್ತರ ತಡವಾಯಿತು, ಬೈಯಬೇಡ. ಗಣಪತಿ ಕೂತಷ್ಟು ದಿನವೂ ನಮ್ಮ ಓಣಿಯಲ್ಲಿ ಮೈಕಿನ ಗದ್ದಲಕ್ಕೆ ಒಂದು ಸಾಲು ಬರೆಯಲಾಗಲಿಲ್ಲ, ನಿನ್ನೆ ಅವನನ್ನು ಕಳಿಸಿ ಬಂದ ಮೇಲೆ ಸ್ವಲ್ಪ ಶಾಂತಿ. ಫೋನ್ ಮಾಡಬಹುದಿತ್ತು ಅನ್ನುತ್ತೀ. ಫೋನಿನಲ್ಲಿ ನೀನು "ಹೂಂ ಅಕ್ಕ, ಹಾಂ ಅಕ್ಕ" ಬಿಟ್ಟರೆ ಇನ್ನೇನೂ ಅನ್ನುವವನಲ್ಲ. ಪತ್ರದಲ್ಲಾದರೆ ಎಷ್ಟು ಕಾಳಜಿಯಿಂದ ಬರೆದಿದ್ದೀ! ವಕೀಲರು ಯಾರು, ಮೂಲಪತ್ರ ಕಣ್ಣಾರೆ ನೋಡಿದಿರಾ, ಮನೆಯ ಮೇಲೆ ಸಾಲ ಇದೆಯೇ, ಮುಂಗಡ ಬಯಾನ ಎಷ್ಟು ಕೊಟ್ಟಿರಿ, ರಜಿಸ್ಟ್ರಿಗೆ ಯಾರು ಯಾರು ಬರಬೇಕು ಎಂದು ಪುಟದ ತುಂಬ ಪ್ರಶ್ನೆ. ಕೊನೆಯಲ್ಲಿ ಕೆಳಗೆರೆ ಎಳೆದು, "ಏನೇ ಆಗಲಿ ಅಕ್ಕ, ಓದದೆ ಎಲ್ಲಿಯೂ ಸಹಿ ಹಾಕಬೇಡ" ಎಂದಿದ್ದೀ. ಬ್ಯಾಂಕಿನಲ್ಲಿ ಇಪ್ಪತ್ತು ವರ್ಷ ಸಾಲದ ಕಾಗದ ತಿರುವಿದ ಗುಮಾಸ್ತನಲ್ಲವೇ ನೀನು! ಪಾಟಿಯ ಮೇಲೆ ನಿನ್ನ ಕೈ ಹಿಡಿದು ನಿನ್ನ ಹೆಸರು ಬರೆಸಿದವಳು ನಾನು, ಈಗ ನೀನು ನನಗೆ ಸಹಿಯ ಪಾಠ ಹೇಳುತ್ತೀ ಎಂದು ನಿನ್ನ ಭಾವನಿಗೆ ಓದಿ ತೋರಿಸಿ ನಕ್ಕೆ. ಆಮೇಲೆ ಆದದ್ದು ಕೇಳಿದರೆ ನಗು ಬರುವುದಿಲ್ಲ.

ಮನೆ ಯಾವುದು ಎಂದು ನಿನಗೆ ಗೊತ್ತೇ ಇದೆ. ನಾವು ಹದಿನಾರು ವರ್ಷದಿಂದ ಬಾಡಿಗೆಗೆ ಇರುವ ಇದೇ ಮನೆ. ಮುಂದಿನ ಭಾಗದಲ್ಲಿ ತಾಯಪ್ಪನವರ ಸಂಸಾರ, ಹಿಂದಿನ ಎರಡು ಕೋಣೆಯಲ್ಲಿ ನಾವು, ನಡುವೆ ಬೇವಿನ ಗಿಡ. ತಾಯಪ್ಪನವರ ಅಪ್ಪ ಇಲ್ಲಿಯ ದೊಡ್ಡ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು, ಯಾದಗಿರಿಯ ಕಡೆಯವರು, ಸ್ವಂತ ಸಂಬಳದಲ್ಲಿ ಇಟ್ಟಿಗೆ ಇಟ್ಟಿಗೆ ಕೂಡಿಸಿ ಇದನ್ನು ಕಟ್ಟಿಸಿದರಂತೆ. ಹೋದ ವರ್ಷ ಅವರು ತೀರಿಕೊಂಡರು. ಈಗ ತಾಯಪ್ಪನವರ ಮಗನಿಗೆ ಹೈಟೆಕ್ ಸಿಟಿಯಲ್ಲಿ ನೌಕರಿ, ಅಲ್ಲಿಯೇ ಹತ್ತಿರ ಕೊಂಡಾಪುರದಲ್ಲಿ ಫ್ಲ್ಯಾಟು ನೋಡಿದ್ದಾರೆ, ಇದನ್ನು ಮಾರಿ ಹೋಗುತ್ತಾರೆ. ನಮ್ಮ ಪಿಂಕಿಗೂ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಸಿಕ್ಕು ಎರಡು ವರ್ಷವಾಯಿತಲ್ಲ, ಅವಳ ಸಂಬಳ ನೋಡಿ ಬ್ಯಾಂಕಿನವರು ತಾವಾಗಿ ಮನೆಬಾಗಿಲಿಗೆ ಬಂದು ಸಾಲ ಕೊಡುತ್ತೇವೆ ಎಂದರು. ನಿನ್ನ ಭಾವ ಇಪ್ಪತ್ತೆಂಟು ವರ್ಷ ನಾಚಾರಂನಲ್ಲಿ ಲೇತ್ ಮಷೀನಿನ ಮುಂದೆ ನಿಂತು ದುಡಿದರೂ ಒಬ್ಬ ಬ್ಯಾಂಕಿನವನು ನಮ್ಮನ್ನು ಕುಳಿತುಕೊಳ್ಳಿ ಅಂದಿರಲಿಲ್ಲ! ವಿಜೂ, ಬಾಡಿಗೆ ಮನೆಯಲ್ಲಿ ಗೋಡೆಗೆ ಒಂದು ಮೊಳೆ ಹೊಡೆಯಲೂ ಕೇಳಬೇಕು. ಸಾಯುವುದರೊಳಗೆ ನನ್ನದು ಅನ್ನುವ ಗೋಡೆಗೆ ಅಪ್ಪ ಅವ್ವನ ಫೋಟೋ ಹಾಕಬೇಕು ಎಂಬುದೊಂದೇ ನನ್ನ ಆಸೆ. ಅದೂ ಇದೇ ಮನೆ ಸಿಗುತ್ತದೆ ಎಂದಾಗ ನಾನು ಬೇವಿನ ಗಿಡಕ್ಕೂ ಕುಂಕುಮ ಹಚ್ಚಿಬಿಟ್ಟೆ.

ಈಗ ನಿನ್ನ ಮೊದಲ ಪ್ರಶ್ನೆ, ವಕೀಲರು ಯಾರು ಎಂಬುದು. ಇಲ್ಲೇ ನಾವು ಎಡವಿದ್ದು. ತಾಯಪ್ಪನವರೇ ಹೇಳಿದ್ದರು, "ಬ್ಯಾರೆ ವಕೀಲ್ರ ಯಾಕ್ರಿ? ನಮ್ಮ ದತ್ತಾತ್ರೇಯ ಅದಾರ, ನಮ್ಮ ಕಡಿಯವ್ರ. ನಿಮಗೂ ಅವ್ರ, ನನಗೂ ಅವ್ರ. ಖರ್ಚ ಉಳೀತೈತಿ. ಪಕ್ಷ ಬರೂದ್ರಾಗ ರಜಿಸ್ಟ್ರಿ ಮುಗಿಸಿಬಿಡೂಣು" ಎಂದು. ಪಿತೃಪಕ್ಷದಲ್ಲಿ ಮನೆ ಕೊಳ್ಳಬಾರದು ಎಂಬುದು ನನಗೂ ಇದ್ದದ್ದೇ, ಹಾಗಾಗಿ ಆ ಅವಸರ ನನಗೆ ಭಕ್ತಿಯಂತೆಯೇ ಕಂಡಿತು. ದತ್ತಾತ್ರೇಯ ಎಂಬ ಆ ವಕೀಲರು ಕನ್ನಡದಲ್ಲಿ ಮಾತಾಡುತ್ತಾರೆ, ಬಂದ ಕೂಡಲೇ ಚಹಾ ತರಿಸುತ್ತಾರೆ. ಈ ತೆಲುಗು ಊರಿನಲ್ಲಿ ಒಬ್ಬರು "ಬರ್ರಿ, ಕೂಡ್ರಿ" ಅಂದರೆ ನಮಗೆ ಅರ್ಧ ಪ್ರಾಣ ಅಲ್ಲೇ ಕರಗಿಹೋಗುತ್ತದೆ, ನೋಡು. ಬಯಾನವೆಂದು ಒಂದು ಲಕ್ಷ ಕೊಟ್ಟೂ ಆಯಿತು. ಪಿಂಕಿ ಮಾತ್ರ ಕುಣಿದಾಡಿದಳು. "ಅವ್ವಾ, ಮಾರೋರ ವಕೀಲ ಕೊಳ್ಳೋರಿಗೆ ಹೆಂಗ ವಕೀಲ ಆಗ್ತಾನ? ನಮ್ಮ ಪರವಾಗಿ ಒಬ್ಬರು ಬೇಕ ಬೇಕು" ಎಂದು ಹಟ. ಬ್ಯಾಂಕಿನ ವಕೀಲರು ನೋಡುತ್ತಾರಲ್ಲ ಎಂದರೆ ಅದಕ್ಕೂ ಒಪ್ಪಲಿಲ್ಲ. ನಿನ್ನ ಭಾವನದು ಬೇರೆಯೇ ಸಂಕಟ. "ಹದಿನಾರು ವರ್ಷ ಒಂದ ಅಂಗಳದಾಗ ಇದ್ದೀವಿ, ಕಾಗದ ತೋರಸ್ರಿ ಅಂದ್ರ ನಾಳಿ ಮಾರಿ ಹೆಂಗ ತೋರಸೂದು" ಎಂದು ತಲೆ ಕೆರೆದುಕೊಂಡರು. ನನಗೂ ಹಾಗೇ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ತಾಯಪ್ಪನವರ ಮನೆಯ ಸಾರು ನಮಗೆ, ನಮ್ಮ ಮನೆಯ ಪಲ್ಯ ಅವರಿಗೆ. ಅಂಥವರ ಮೇಲೆ ವಕೀಲರನ್ನು ಬಿಡುವುದೇ?

ಕೊನೆಗೆ ಹೋದ ಸೋಮವಾರ, ಪಿಂಕಿಗೆ ಚೂಡಿದಾರದ ಬಟ್ಟೆ ತರುತ್ತೇವೆಂದು ತಾಯಪ್ಪನವರ ಹೆಂಡತಿಗೆ ಸುಳ್ಳು ಹೇಳಿ, ಕಾಗದದ ಜೆರಾಕ್ಸುಗಳನ್ನು ತರಕಾರಿ ಚೀಲದಲ್ಲಿಟ್ಟುಕೊಂಡು ನಾನೂ ನಿನ್ನ ಭಾವನೂ ಕಳ್ಳರ ಹಾಗೆ ಹಿಮಾಯತ್‌ನಗರಕ್ಕೆ ಹೋದೆವು. ಬಳೆ ಅಂಗಡಿಯ ಮೇಲೆ ಎರಡನೆಯ ಮಾಳಿಗೆಯಲ್ಲಿ ನೀಲಾ ಎಂಬ ವಕೀಲೆಯ ಕಚೇರಿ. ಪಿಂಕಿಯ ಗೆಳತಿಯೊಬ್ಬಳು ಫ್ಲ್ಯಾಟು ಕೊಂಡಾಗ ಇವಳೇ ನೋಡಿಕೊಟ್ಟಳಂತೆ. ಮೈಸೂರಿನವಳು, ಮೂವತ್ತೈದು ದಾಟಿಲ್ಲ. ಚಹಾನೂ ಇಲ್ಲ, ನೀರೂ ಇಲ್ಲ. ಮೊದಲೇ ತನ್ನ ಫೀಸು ಎಷ್ಟು, ಅದರಲ್ಲಿ ಏನೇನು ಮಾಡುತ್ತೇನೆ, ಏನು ಮಾಡುವುದಿಲ್ಲ ಎಂದು ಒಂದು ಹಾಳೆಯಲ್ಲಿ ಬರೆದುಕೊಟ್ಟಳು. ಮೂವತ್ತು ವರ್ಷದ ಇ.ಸಿ. ತೆಗೆಸಬೇಕು, ಅಂದರೆ ಆ ಮನೆಯ ಮೇಲೆ ಇಷ್ಟು ವರ್ಷದಲ್ಲಿ ಏನೇನು ಮಾರಾಟ, ಅಡವು, ಹಕ್ಕುಪತ್ರ ನೋಂದಣಿಯಾಗಿದೆ ಎಂದು ಸರಕಾರವೇ ಕೊಡುವ ಪಟ್ಟಿ ಎಂದಳು. ಬ್ಯಾಂಕಿನ ವಕೀಲರು ನೋಡುವುದು ಬ್ಯಾಂಕಿನ ದುಡ್ಡು ವಾಪಸು ಬರುತ್ತದೋ ಇಲ್ಲವೋ ಎಂದು ಮಾತ್ರ, ನಿಮ್ಮ ನಿದ್ದೆಯ ಚಿಂತೆ ಅವರಿಗಿಲ್ಲ ಎಂದಳು. ಎಂಥ ಗಟ್ಟಿ ಹೆಣ್ಣು ಅಂದುಕೊಂಡೆ. ಆಮೇಲೆ ಕನ್ನಡಕ ಏರಿಸಿಕೊಂಡು ಕೇಳಿದ್ದು ಒಂದೇ ಪ್ರಶ್ನೆ. "ಅಮ್ಮ, ಈ ಮನೆ ಕಟ್ಟಿಸಿದವರಿಗೆ ಒಟ್ಟು ಎಷ್ಟು ಜನ ಮಕ್ಕಳು?"

"ಇಬ್ರು" ಎಂದು ನಾನು ಥಟ್ಟನೆ ಹೇಳಿದೆ. ಒಬ್ಬರು ತಾಯಪ್ಪನವರು, ಇನ್ನೊಬ್ಬಳು ಅವರ ತಂಗಿ ಶರಣಬಸಮ್ಮ. ನೀನೂ ನೋಡಿದ್ದೀ ಅವಳನ್ನು, ಪಿಂಕಿ ದೊಡ್ಡವಳಾದಾಗ ಆರತಿಗೆ ಬಂದು ಹಾಡು ಹೇಳಿದ್ದಳಲ್ಲ, ಎತ್ತರದ ಹೆಂಗಸು. ಗಂಡ ಹೋದ ಮೇಲೆ ನಾಚಾರಂನಲ್ಲಿ ಉಪ್ಪಿನಕಾಯಿ ಬಾಟಲಿಗೆ ತುಂಬುವ ಕಡೆ ದುಡಿಯುತ್ತಾಳೆ, ಅಲ್ಲಿಯೇ ಒಂದು ಕೋಣೆಯಲ್ಲಿ ಇರುತ್ತಾಳೆ. ಪ್ರತಿ ಪಂಚಮಿಗೆ ತಪ್ಪದೆ ತವರಿಗೆ ಬಂದು, ಅಣ್ಣ ಕೊಟ್ಟ ಸೀರೆ ಉಟ್ಟು, ನಾನು ಭಾಲ್ಕಿಗೆ ಬಾರದ ವರ್ಷ ಬೇವಿನ ಗಿಡದ ಕೆಳಗೆ ನನ್ನ ಜೊತೆ ಉಂಡೆ ತಿಂದು ಹೋಗುತ್ತಾಳೆ. ನೀಲಾ ಕಾಗದಗಳನ್ನು ತಿರುವಿದಳು. ಚೀಲದಿಂದ ನಾವೇ ತೆಗೆದುಕೊಟ್ಟ ಒಂದು ಜೆರಾಕ್ಸನ್ನು ನಮ್ಮ ಕಡೆ ತಿರುಗಿಸಿದಳು. ತಾಯಪ್ಪನವರ ಅಪ್ಪ ಸತ್ತ ಮೇಲೆ ಮಂಡಲ ಕಚೇರಿಯಲ್ಲಿ, ಅಂದರೆ ನಮ್ಮ ಕಡೆಯ ತಹಸೀಲ್ ಕಚೇರಿಯಂಥದ್ದರಲ್ಲಿ, ಪಡೆದ ವಾರಸುದಾರರ ಪತ್ರ. "ಇಲ್ಲಿ ಒಬ್ಬನೇ ಮಗ ಅಂತ ಇದೆಯಲ್ಲಮ್ಮ. ಬೇರೆ ಯಾವ ವಾರಸುದಾರರೂ ಇಲ್ಲ ಅಂತ ಇದೆ." ಅಯ್ಯ ಶಿವನೇ! ಕೈಯಾರೆ ಹೋಳಿಗೆ ಬಡಿಸಿದ್ದೇನೆ ಅವಳಿಗೆ, ತಲೆ ಬಾಚಿದ್ದೇನೆ, ಅವಳ ಗಂಡ ಸತ್ತಾಗ ಮೂರು ದಿನ ಮಗ್ಗುಲಲ್ಲಿ ಮಲಗಿದ್ದೇನೆ. ಅವಳು ಹುಟ್ಟಿಯೇ ಇಲ್ಲವಂತೆ! ಸರಕಾರದ ಮೊಹರು ಬೇರೆ ಒತ್ತಿದ್ದಾರೆ.

ಅಪ್ಪ ಸ್ವಂತ ದುಡಿಮೆಯಲ್ಲಿ ಕಟ್ಟಿಸಿದ ಮನೆ, ಉಯಿಲು ಬರೆಯದೆ ಹೋಗಿದ್ದಾರೆ, ಹಾಗಿದ್ದರೆ ಮಗನಿಗೆ ಎಷ್ಟೋ ಮಗಳಿಗೂ ಅಷ್ಟೇ, ಮದುವೆಯಾಗಿ ಹೋಗಿದ್ದರೂ ಅಷ್ಟೇ ಎಂದು ನೀಲಾ ಬಿಡಿಸಿ ಹೇಳಿದಳು. ಶರಣಬಸಮ್ಮನ ಸಹಿಯಿಲ್ಲದೆ ಕೊಂಡರೆ ನಾಳೆ ಅವಳೋ ಅವಳ ಮಕ್ಕಳೋ ಕೋರ್ಟಿಗೆ ಬಂದಾಗ ಅರ್ಧ ಮನೆ ಬಿಟ್ಟುಕೊಡಬೇಕಾಗುತ್ತದಂತೆ, ಸಾಲದ ಕಂತು ಮಾತ್ರ ಪೂರಾ ಕಟ್ಟುತ್ತಿರಬೇಕು. ಹಾಗಾದರೆ ಇಂಥ ಸುಳ್ಳು ಪತ್ರಕ್ಕೆ ಕಚೇರಿಯವರು ಹೇಗೆ ಒಪ್ಪಿದರು ಎಂದು ಕೇಳಿದೆ. ಅಕ್ಕಪಕ್ಕದ ಇಬ್ಬರು ಹೌದು ಎಂದು ಹೇಳಿಕೆ ಕೊಟ್ಟರೆ ಸಾಕು ಎಂದು ಕೆಳಗಿನ ಹಾಳೆ ತೆಗೆದಳು. ವಿಜೂ, ಎರಡನೆಯ ಸಹಿ ನಿನ್ನ ಭಾವನದು! ಇಂಗ್ಲಿಷಿನಲ್ಲಿ, ಅಡಿಯಲ್ಲಿ ಗೆರೆ ಎಳೆದು ಎರಡು ಚುಕ್ಕಿ ಇಟ್ಟದ್ದು, ಮದುವೆಯ ಪತ್ರಿಕೆಯಿಂದ ಹಿಡಿದು ಇಷ್ಟು ವರ್ಷ ನೋಡಿದ ಸಹಿ. ಅವರ ಮುಖ ಸುಣ್ಣದಂತಾಯಿತು. ಹೋದ ವರ್ಷ ಒಂದು ದಿನ ಡ್ಯೂಟಿಗೆ ಹೊರಟಾಗ ತಾಯಪ್ಪನವರು ಗೇಟಿನಲ್ಲಿ ನಿಲ್ಲಿಸಿ, "ಕರೆಂಟ್ ಮೀಟರ್ ಹೆಸರ ಬದಲಾಯಿಸಬೇಕ್ರಿ, ಒಂದು ಸಹಿ" ಎಂದರಂತೆ, ಇವರು ಸ್ಕೂಟರಿನ ಸೀಟಿನ ಮೇಲೇ ಇಟ್ಟು ಬರೆದುಕೊಟ್ಟರಂತೆ. ಕಾಗದ ತೆಲುಗಿನಲ್ಲಿತ್ತು, ಓದಲಾಗಲಿಲ್ಲ ಎಂದರು. ಬಸ್ಸಿನ ಬೋರ್ಡು ಓದಲು ಬರುತ್ತದೆ, ಸಿನಿಮಾ ಪೋಸ್ಟರು ಓದಲು ಬರುತ್ತದೆ, ಕನ್ನಡ ಬಲ್ಲವನಿಗೆ ತೆಲುಗು ಅಕ್ಷರ ಅಷ್ಟು ದೂರವೇ? ಹಿಮಾಯತ್‌ನಗರದ ರಸ್ತೆಯಲ್ಲಿ ಜನ ತಿರುಗಿ ನೋಡುವ ಹಾಗೆ ಬೈದೆ. ಕೈಗೆ ಕೊಟ್ಟದ್ದಕ್ಕೆಲ್ಲ ಸಹಿ ಹಾಕಲು ನೀವೇನು ಎಳೆ ಕೂಸೇ, ನನ್ನ ತಮ್ಮನ ಪತ್ರ ಓದಿ ತೋರಿಸಿದಾಗಲಾದರೂ ಈ ಸಹಿ ನೆನಪಾಗಲಿಲ್ಲವೇ ಎಂದೆ. ಪಾಪ, ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಆ ಹೆಂಗಸಿನ ಹೆಸರು ಅಳಿಸಿದ್ದರಲ್ಲಿ ನನ್ನದೂ ಕೈಯಿದೆಯಲ್ಲ ಎಂಬುದೇ ಅವರಿಗೆ ಹತ್ತಿದ ಗುಂಗು.

ಬುಧವಾರ ಮಧ್ಯಾಹ್ನ ಊಟದ ಬಿಡುವಿನ ಹೊತ್ತಿಗೆ ನಾವಿಬ್ಬರೂ ನಾಚಾರಂಗೆ ಹೋಗಿ ಶರಣಬಸಮ್ಮನನ್ನು ಗೇಟಿಗೆ ಕರೆಸಿದೆವು. ಉಪ್ಪಿನಕಾಯಿಯ ಖಾರ ಹತ್ತಿದ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಂದಳು. ನಮ್ಮನ್ನು ನೋಡಿ ಅಣ್ಣನಿಗೆ ಏನಾದರೂ ಆಯಿತೋ ಎಂದು ಮೊದಲು ಗಾಬರಿಯಾದಳು, ನೋಡು ಹೆಣ್ಣುಮಕ್ಕಳ ಬಾಳು! ನಿನ್ನ ಭಾವ ತಲೆ ತಗ್ಗಿಸಿಕೊಂಡು ಎಲ್ಲವನ್ನೂ ತಾವೇ ಹೇಳಿದರು, ತಮ್ಮ ಸಹಿಯ ಸಂಗತಿಯನ್ನೂ. ಅವಳು ಸಿಟ್ಟಾಗಲಿಲ್ಲ, ಅಳಲೂ ಇಲ್ಲ. "ಅಪ್ಪಗ ಒಬ್ಬನ ಮಗಾ ಅಂತ ಬರದಾರೇನ್ರಿ? ಹಂಗಾದ್ರ ನಾ ಯಾರ ಮಗಳ್ರಿ?" ಎಂದಳು. ಮನೆ ಅಪ್ಪ ತನ್ನ ಹೆಸರಿಗೆ ಬರೆದುಕೊಟ್ಟಿದ್ದಾನೆ ಎಂದು ಅಣ್ಣ ಹೇಳಿದ್ದನ್ನು ಅವಳು ನಂಬಿದ್ದಳು. ನೀನೂ ವಾರಸುದಾರಳು, ನಿನ್ನ ಸಹಿ ಬೇಕು, ನಿನ್ನ ಪಾಲು ನಿನ್ನ ಕೈಗೇ ಬರಬೇಕು ಎಂದಾಗ ಹೆದರಿಬಿಟ್ಟಳು. "ಹಿಸ್ಸೆ ಕೇಳಿದ್ರ ಮುಂದಿನ ಪಂಚಮಿಗೆ ನನ್ನ ಯಾರ ಕರೀತಾರಕ್ಕ? ವರ್ಷಕ್ಕೊಂದ ಸೀರಿ, ಒಂದ ದಿನಾ ತವರಮನಿ ಬಾಗಲಾ ತೆರದಿದ್ರ ಸಾಕ್ರಿ ನನಗ" ಎಂದಳು. ನಾನು ಅವಳ ಕೈ ಹಿಡಿದುಕೊಂಡು, ಆ ಮನೆ ನಮ್ಮದಾದರೆ ಅದೇ ಬಾಗಿಲಿಗೆ ನಾನು ಕರೆಯುತ್ತೇನೆ, ಅದೇ ಬೇವಿನ ಗಿಡದ ಕೆಳಗೆ ಎಲೆ ಹಾಕುತ್ತೇನೆ ಎಂದೆ. ನನ್ನ ಕೈಗೂ ಖಾರ ಹತ್ತಿ, ಸಂಜೆಯವರೆಗೆ ಕಣ್ಣು ಮುಟ್ಟಿಕೊಳ್ಳಲಾಗಲಿಲ್ಲ.

ತಾಯಪ್ಪನವರಿಗೆ ಅಂದೇ ಸುದ್ದಿ ಮುಟ್ಟಿತು. ಅಂಗಳದಲ್ಲಿ ನಿಂತು ಅವರು ಆಡಿದ ಮಾತು ನೀನು ಕೇಳಬೇಕಿತ್ತು, ಹದಿನಾರು ವರ್ಷದಲ್ಲಿ ನನ್ನನ್ನು "ವೈನಿ" ಬಿಟ್ಟು ಬೇರೆ ಮಾತಿನಲ್ಲಿ ಕರೆದವರಲ್ಲ. "ಬಾಡಿಗೀಗಿ ಬಂದವ್ರ ನಮ್ಮ ಮನಿ ಒಡ್ಯಾಕ ನಿಂತೀರೇನ? ಮದುವಿ ಮಾಡಿ ಕೊಟ್ಟೀವಿ, ವರ್ಷಾ ಸೀರಿ ಕುಬಸ ಕೊಟ್ಟೀವಿ, ಇನ್ನ ಹೆಣ್ಮಕ್ಕಳಿಗೆ ಹಿಸ್ಸೆ ಎಲ್ಲೀದು?" ಎಂದರು. ಅಷ್ಟಕ್ಕೇ ಬಿಟ್ಟಿದ್ದರೆ ನಾನು ಒಳಗೆ ಹೋಗುತ್ತಿದ್ದೆ. "ನಿಮ್ಮ ತಮ್ಮನ್ನ ಕೇಳ್ರಿ, ಭಾಲ್ಕಿ ಮನ್ಯಾಗ ನಿಮಗೇನ್ ಕೊಟ್ಟಾನ ಅಂತ" ಎಂದರು. ಆಗ ನನಗೆ ಎಲ್ಲಿತ್ತೋ ರೋಷ! "ನನ್ನ ತಮ್ಮನ ಸುದ್ದಿಗೆ ಬರಬ್ಯಾಡ್ರಿ. ಅಂವಾ ನಿಮ್ಮಂಗಲ್ಲ. ಕಾಗದಾ ಮಾಡ್ಸಾಕ ನನ್ನ ಜೋಡಿ ಕರಕೊಂಡ ಹೋಗ್ಯಾನ, ಇಬ್ಬರ ಹೆಸರ ಹಾಕ್ಸ್ಯಾನ" ಎಂದು ಓಣಿಗೆಲ್ಲ ಕೇಳುವ ಹಾಗೆ ಹೇಳಿದೆ. ಅಪ್ಪ ಮೂವತ್ತು ವರ್ಷ ಹೈದರಾಬಾದ್ ಬಸ್ಸಿನ ಸ್ಟೇರಿಂಗ್ ತಿರುಗಿಸಿ ಕಟ್ಟಿಸಿದ ಮನೆ ಅದು, ಗೌಲಿಗುಡ ಬಸ್ ಸ್ಟ್ಯಾಂಡಿನಲ್ಲಿ ನಾನು ಕೊಟ್ಟ ಬುತ್ತಿ ಉಣ್ಣುವಾಗ ಪ್ರತಿ ಸಲ "ಆ ಮನಿ ನಿಮ್ಮಿಬ್ಬರದು, ಉಮಾ" ಅನ್ನುತ್ತಿದ್ದರು, ಅದು ನಿನಗೂ ಗೊತ್ತು. ನೀಲಾಳ ಮುಂದೆಯೂ ಇದನ್ನೇ ಹೇಳಿದ್ದೆ. ಬ್ಯಾಂಕಿನ ಅರ್ಜಿ ತುಂಬುವಾಗ ಬೇರೆ ಆಸ್ತಿ ಇದೆಯೇ ಎಂದು ಕೇಳಿದಳು, ತವರಿನ ಮನೆಯಲ್ಲಿ ಅರ್ಧ ಎಂದೆ. "ಕಾಗದ ನೋಡಿದೀರಾ?" ಎಂದಳು. ತಮ್ಮನನ್ನು ನಂಬದೆ ಕಾಗದ ನೋಡುವ ಗತಿ ನನಗಿನ್ನೂ ಬಂದಿಲ್ಲ ಎಂದು ಮುಖ ತಿರುಗಿಸಿದೆ. ವಕೀಲರ ಬುದ್ಧಿಯೇ ಹಾಗೇನೋ, ಎಲ್ಲರ ಮೇಲೂ ಅನುಮಾನ.

ಸದ್ಯಕ್ಕೆ ನಿಂತಿರುವುದು ಹೀಗೆ. ಶುಕ್ರವಾರಕ್ಕೆ ಇಟ್ಟುಕೊಂಡಿದ್ದ ರಜಿಸ್ಟ್ರಿ ಆಗಲಿಲ್ಲ. ವಾರಸುದಾರರ ಪತ್ರ ಸರಿಯಾಗಬೇಕು, ಅಣ್ಣ ತಂಗಿ ಇಬ್ಬರೂ ಮಾರುವವರೆಂದು ಬಂದು ಸಹಿ ಹಾಕಬೇಕು, ದುಡ್ಡು ಇಬ್ಬರ ಹೆಸರಿಗೂ ಬೇರೆ ಬೇರೆ ಚೆಕ್ಕಿನಲ್ಲಿ ಹೋಗಬೇಕು, ಇಲ್ಲದಿದ್ದರೆ ಬಯಾನ ವಾಪಸು ಕೊಡಿ ಎಂದು ನೀಲಾ ಬರೆದು ಕಳಿಸಿದ್ದಾಳೆ. ನಿನ್ನ ಭಾವ ತಮ್ಮ ಹೇಳಿಕೆ ತಪ್ಪು ಎಂದು ಮಂಡಲ ಕಚೇರಿಗೆ ಹೋಗಿ ಬರೆದುಕೊಡುತ್ತಾರಂತೆ, ಏನು ಬಂದರೂ ಬರಲಿ ಎಂದಿದ್ದಾರೆ. ಮನೆಯ ಮೇಲೆ ಸಾಲ ಇದ್ದಂತಿಲ್ಲ, ಮೂಲಪತ್ರವನ್ನು ಇನ್ನೂ ನೋಡಿಲ್ಲ, ದತ್ತಾತ್ರೇಯ ವಕೀಲರು ಈಗ ಫೋನು ಎತ್ತುವುದಿಲ್ಲ. ನಿನ್ನ ಎಲ್ಲ ಪ್ರಶ್ನೆಗೂ ಉತ್ತರ ಬಂತಲ್ಲ? ಶರಣಬಸಮ್ಮ ಹೂಂ ಅಂದಿಲ್ಲ, ಉಹೂಂ ಅಂದಿಲ್ಲ. ಅವಳು ಒಪ್ಪದಿದ್ದರೆ ಈ ಮನೆ ನಮಗಿಲ್ಲ. ತಾಯಪ್ಪನವರು ಹೇಗೂ ಬಾಡಿಗೆಗೂ ಇಟ್ಟುಕೊಳ್ಳುವುದಿಲ್ಲ, ಬೇರೆ ಮನೆ ಹುಡುಕಬೇಕು. ಬೇವಿನ ಗಿಡವನ್ನೂ ಇಲ್ಲೇ ಬಿಟ್ಟು ಹೋಗಬೇಕು. ಆದರೆ ಅವಳು ಹುಟ್ಟಲೇ ಇಲ್ಲ ಎಂದ ಕಾಗದದ ಮೇಲೆ ನಾನು ಅಪ್ಪ ಅವ್ವನ ಫೋಟೋ ಹೇಗೆ ತೂಗುಹಾಕಲಿ? ನೀನೇ ಹೇಳು.

ವತ್ಸಲಾಳಿಗೆ ಅಕ್ಕಾರ ನೆನೆಸಿದರು ಎಂದು ಹೇಳು. ಮನೆಯ ಮುಂದೆ ಅಂಗಡಿ ಮಳಿಗೆ ಕಟ್ಟಿಸುತ್ತೇನೆ ಎಂದಿದ್ದೆಯಲ್ಲ, ಶುರುವಾಯಿತೇ? ಮಕ್ಕಳಿಗೆ ಪಿಂಕಿ ಪೆನ್ನು ಕಳಿಸುತ್ತಾಳೆ. ಮಹಾನವಮಿ ಅಮಾಸೆಗೆ ಅಪ್ಪನ ಹೆಸರಿಗೆ ಎಡೆ ಇಡುವಾಗ ಬದನೆಕಾಯಿ ಎಣ್ಣೆಗಾಯಿ ಮರೆಯಬೇಡಿ, ಅವರಿಗೆ ಅದಿಲ್ಲದೆ ಊಟ ಸೇರುತ್ತಿರಲಿಲ್ಲ. ನೂರು ವರ್ಷ ಬಾಳು, ನಿನ್ನ ಆಯುಷ್ಯಕ್ಕೆ ನನ್ನದೂ ಸ್ವಲ್ಪ ಸೇರಲಿ.

ನಿನ್ನನ್ನು ಎತ್ತಿ ಬೆಳೆಸಿದ ಅಕ್ಕ,
ಉಮಾಬಾಯಿ

ಸೋಮವಾರ ಸಂಜೆ. ಪತ್ರ ಅಂಚೆಗೆ ಹಾಕಿರಲಿಲ್ಲ, ಅದಕ್ಕೆ ಇಷ್ಟು ಸೇರಿಸುತ್ತಿದ್ದೇನೆ. ಇವತ್ತು ಇ.ಸಿ. ತರಲು ನೀಲಾಳ ಜೊತೆ ರಜಿಸ್ಟ್ರಿ ಕಚೇರಿಗೆ ಹೋಗಿದ್ದೆ. ಬೆಂಚಿನ ಮೇಲೆ ಕುಳಿತಿದ್ದಾಗ ನನ್ನ ವಯಸ್ಸಿನ ಒಬ್ಬ ಹೆಂಗಸಿನ ಹೆಬ್ಬೆರಳಿಗೆ ಮಸಿ ಹಚ್ಚಿ ಒತ್ತಿಸಿಕೊಂಡರು, ಅವಳ ಫೋಟೋ ಕಾಗದಕ್ಕೆ ಅಂಟಿಸಿದರು. ಖಾತೆ ಬದಲಾಯಿಸಲು ಬಂದಿದ್ದಾಳೇನೋ ಎಂದೆ. ನೀಲಾ ನಕ್ಕಳು. "ಖಾತೆಗೆ ಯಾರೂ ಹೆಬ್ಬೆಟ್ಟು ಒತ್ತಿಸಿಕೊಳ್ಳಲ್ಲಮ್ಮ, ಫೋಟೋನೂ ಬೇಡ. ಮಾರಾಟ, ದಾನ, ಪಾಲು ಬಿಟ್ಟುಕೊಡೋ ಹಕ್ಕು ಬಿಡುಗಡೆ, ಇಂಥದ್ದಕ್ಕೆ ಮಾತ್ರ" ಎಂದಳು. ಭಾಲ್ಕಿಯಲ್ಲಿ ನನ್ನ ಹೆಬ್ಬೆರಳಿಗೂ ಮಸಿ ಹಚ್ಚಿದರು, ನಾನು ಕಣ್ಣು ಮುಚ್ಚಿಬಿಟ್ಟೆನೆಂದು ಎರಡು ಸಲ ಫೋಟೋ ತೆಗೆದರು ವಿಜೂ. ಐದು ಹಾಳೆಗೆ ಸಹಿ ಹಾಕಿದೆ. ನನ್ನ ಕನ್ನಡಕ ಮನೆಯಲ್ಲೇ ಉಳಿದಿತ್ತು, ತರಿಸಲೇ ಎಂದರೆ, "ಯಾಕ ಬೇಕಕ್ಕ, ನಾ ಇಲ್ಲೇನು" ಎಂದೆ ನೀನು. ಓದದೆ ಸಹಿ ಹಾಕಬೇಡ ಎಂದು ಅಲ್ಲಿ ಹೇಳಲಿಲ್ಲವಲ್ಲ. ಆ ದಿನ ನೀನು ಬೆವರಿದ್ದು ಬಿ.ಪಿ.ಯಿಂದಲೇ ತಾನೇ? ಮೇಲೆ ಬರೆದದ್ದನ್ನೆಲ್ಲ ಹರಿದುಹಾಕಬೇಕೆಂದುಕೊಂಡೆ, ಹರಿಯಲಿಲ್ಲ, ನಿನ್ನ ಮೇಲೆ ಎಷ್ಟು ನಂಬಿಕೆಯಿಂದ ಜಗಳವಾಡಿದ್ದೆ ಎಂದು ನೀನೂ ಓದಬೇಕು. ಭಾಲ್ಕಿ ಮನೆಯ ಇ.ಸಿ.ಗೂ ಯಾರು ಬೇಕಾದರೂ ಅರ್ಜಿ ಹಾಕಬಹುದಂತೆ. ಆ ಅರ್ಜಿ ಬರೆದು ಟ್ರಂಕಿನಲ್ಲಿ ಆ ಸೀರೆಯ ಮೇಲೆ ಇಟ್ಟಿದ್ದೇನೆ. ಅಪ್ಪನಿಗೆ ಎಡೆ ಇಡುವ ಅಮಾಸೆಯವರೆಗೆ ಕಾಯುತ್ತೇನೆ, ಆಮೇಲೆ ಅಂಚೆಗೆ ಹಾಕುತ್ತೇನೆ. ಫೋನ್ ಮಾಡಬೇಡ. ನೀನು "ಅಕ್ಕಾ" ಎಂದರೆ ನಾನು ನಂಬಿಬಿಡುತ್ತೇನೆ. ಆ ಹಾಳೆಗಳಲ್ಲಿ ಏನಿತ್ತೋ ಅದನ್ನು ಬರೆದು, ಕೆಳಗೆ ನಿನ್ನ ಸಹಿ ಹಾಕಿ ಕಳಿಸು. ಈ ಸಲ ಕನ್ನಡಕ ಹಾಕಿಕೊಂಡು ಓದುತ್ತೇನೆ.